ಮಧ್ಯಾಹ್ನಕ್ಕೆ ಏರುವ ಹೊಳೆ

ತಾರಸಿ

ಡೇರೆ ಹಾಕುವುದನ್ನು ನಾವು ಕಲಿತದ್ದು ದೊಡ್ಡಬಳ್ಳಾಪುರದ ನಮ್ಮ ಮನೆಯ ತಾರಸಿಯ ಮೇಲೆ. ಸಿಮೆಂಟಿನಲ್ಲಿ ಗೂಟ ಇಳಿಯುವುದಿಲ್ಲವಲ್ಲ, ನಾಲ್ಕು ಮೂಲೆಗೂ ಇಟ್ಟಿಗೆ ಹೇರಿದೆವು. ಪಕ್ಕದ ಮನೆಯವರು ಮಗ್ಗ ನಿಲ್ಲಿಸಿ ಮೇಲೆ ಬಂದು, ಮನೆಯಲ್ಲಿ ಏನಾದರೂ ಕಾರ್ಯವಿದೆಯೇ, ಇಷ್ಟು ಚಿಕ್ಕ ಶಾಮಿಯಾನದಲ್ಲಿ ಎಷ್ಟು ಜನ ಕೂರುತ್ತಾರೆ ಎಂದು ವಿಚಾರಿಸಿದರು. ಇಬ್ಬರು ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಆಗಿರಲಿಲ್ಲ.

ನಾನು ಈ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಮಾಜ ವಿಜ್ಞಾನ ಪಾಠ ಮಾಡಿದವಳು. ಹಿಮನದಿ, ಹಿಮ ಕರಗಿ ಹುಟ್ಟುವ ಹೊಳೆ, ಕಣಿವೆ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಒರೆಸಿದ್ದೇನೆ. ಕಂಡದ್ದು ಮಾತ್ರ ನಮ್ಮ ಒಣಗಿದ ಅರ್ಕಾವತಿ ಮತ್ತು ಕೆರೆಗಳು. ಹಿಮನದಿಯಲ್ಲಿ ಮೀನು ಇರುತ್ತದೆಯೇ ಎಂದು ಒಂದು ವರ್ಷ ಒಬ್ಬಳು ಹುಡುಗಿ ಕೇಳಿದ್ದಳು. ಇರುವುದಿಲ್ಲ ಎಂದು ಗಟ್ಟಿಯಾಗಿ ಹೇಳಿಬಿಟ್ಟಿದ್ದೆ. ಹಾಗೆ ಹೇಳಲು ನನಗೆ ಏನು ಗೊತ್ತಿತ್ತು ಎಂಬುದು ಆಮೇಲೆ ಬಹಳ ದಿನ ಕೊರೆಯಿತು.

ನಿವೃತ್ತಿಯಾದ ಎರಡು ತಿಂಗಳಿಗೆ ಕಿರ್ಗಿಸ್ತಾನಕ್ಕೆ ಹೊರಟೆ. ತಂಗಿಯ ಮಗಳು ಅನುಷಾ ಅಲ್ಲಿ ಡಾಕ್ಟರಿ ಓದುತ್ತಿದ್ದಾಳೆ. ಬೇಸಿಗೆಯಲ್ಲಿ ಬಂದರೆ ಬೆಟ್ಟದಲ್ಲಿ ಡೇರೆ ಹಾಕಿಕೊಂಡು ಇರಬಹುದು ಎಂದಿದ್ದಳು. ಜೊತೆಗೆ ಬಂದವಳು ಶಾಹೀನಾ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ಅವಳ ಮೂವರು ಮಕ್ಕಳೂ ನನ್ನ ಹತ್ತಿರವೇ ಓದಿದ್ದರು. ನನಗಿಂತ ಏಳೆಂಟು ವರ್ಷ ಚಿಕ್ಕವಳು. ಮೊದಲು ಮೇಡಂ ಅನ್ನುತ್ತಿದ್ದಳು, ಆಮೇಲೆ ರತ್ನಕ್ಕ ಆದೆ. ಡಾಕ್ಟರು ಅವಳಿಗೆ ಸಕ್ಕರೆ ಕಾಯಿಲೆಗೆ ನಡೆಯಬೇಕು ಅಂದ ಮೇಲೆ ಇಬ್ಬರೂ ಭಾನುವಾರ ಭಾನುವಾರ ಮಾಕಳಿದುರ್ಗ ಹತ್ತಲು ಶುರುಮಾಡಿದ್ದೆವು. ರೈಲು ಹಳಿ ದಾಟಿ, ಬಂಡೆ ಹತ್ತಿ, ಕೋಟೆಯ ಬಾಗಿಲಲ್ಲಿ ಚಿತ್ರಾನ್ನ ತಿಂದು ಇಳಿಯುವುದು. ಬೆಟ್ಟ ಎಂದರೆ ಇಷ್ಟೇ ಎಂದುಕೊಂಡಿದ್ದೆವು.

ನಲ್ಲಿಯಿಲ್ಲದ ಜಾಗ

ಅನುಷಾಳಿಗೆ ಪರೀಕ್ಷೆಯಿತ್ತು. ಬಾಡಿಗೆ ಕಾರಿನಲ್ಲಿ ನಮ್ಮನ್ನು ಕಣಿವೆಯ ತುದಿಯವರೆಗೆ ತಂದು ಬಿಟ್ಟು, ಐದನೆಯ ದಿನ ಬರುತ್ತೇನೆ ಎಂದು ಹೇಳಿ ಹೋದಳು. ಕಾರಿನ ಸದ್ದು ಅಡಗಿದ ಮೇಲೆ ಹೊಳೆಯ ಸದ್ದೊಂದೇ ಉಳಿಯಿತು.

ಕ್ಯಾಂಪಿನ ಜಾಗ ಎಂದರೆ ಒಂದು ಕಚೇರಿ, ಒಂದು ಗೇಟು, ಕನಿಷ್ಠ ಒಂದು ನಲ್ಲಿ ಇರುತ್ತದೆಂದು ನಾನು ಊಹಿಸಿದ್ದೆ. ಅಲ್ಲಿ ಇದ್ದದ್ದು ಎರಡು ಎಕರೆಯಷ್ಟು ಸಮತಟ್ಟಾದ ಹುಲ್ಲು, ಹೊಗೆ ಹಿಡಿದ ಕಲ್ಲಿನ ಮೂರು ಒಲೆ, ಓದಲು ಬಾರದ ಅಕ್ಷರದ ಒಂದು ಹಲಗೆ, ಮೇಲುಗಡೆ ಹಲಗೆ ಹೊಡೆದು ಕಟ್ಟಿದ ಕಕ್ಕಸು. ಸುತ್ತ ಕಪ್ಪು ಹಸಿರಿನ ಚೂಪು ಮರಗಳು, ಅವುಗಳ ಹಿಂದೆ ಹಿಮ. ನೀರು ಬೇಕಾದರೆ ಹೊಳೆ. ದೀಪ ಬೇಕಾದರೆ ಸೂರ್ಯ. ಅಷ್ಟೇ.

ಕಕ್ಕಸಿನ ಬಾಗಿಲು ಮುಚ್ಚುತ್ತಿರಲಿಲ್ಲ. ಒಳಗೆ ಕೂತರೆ ಎದುರಿಗೆ ಇಡೀ ಹಿಮಪರ್ವತ. ಸಣ್ಣವಳಿದ್ದಾಗ ಚೊಂಬು ಹಿಡಿದು ಬೇಲಿಸಾಲಿಗೆ ಹೋಗುತ್ತಿದ್ದ ನನಗೆ ಇದೇನು ಹೊಸದಲ್ಲ. ಆದರೆ ಶಾಹೀನಾ ಪ್ರತಿ ಸಲವೂ ನನ್ನನ್ನು ಹೊರಗೆ ಕಾವಲಿಗೆ ನಿಲ್ಲಿಸಿ, ಬೆಟ್ಟದ ಕಡೆ ತಿರುಗಿ ಕೂರಬೇಕಾಗಿ ಬಂದದ್ದಕ್ಕೆ ಬೆಟ್ಟದ ಹತ್ತಿರವೇ ಕ್ಷಮೆ ಕೇಳುತ್ತಿದ್ದಳು.

ತಾರಸಿಯ ಮೇಲೆ ಕಲಿತ ವಿದ್ಯೆ ಗಾಳಿಯ ಮುಂದೆ ಸಾಗಲಿಲ್ಲ. ಡೇರೆಯ ಕಡ್ಡಿಯನ್ನು ನಾನು ತಿರುವುಮುರುವಾಗಿ ಚುಚ್ಚಿದೆ. ಬಟ್ಟೆ ಒಂದು ಮೊಳ ಹರಿಯಿತು. ಶಾಹೀನಾ ಪರ್ಸಿನಿಂದ ಸೂಜಿದಾರ ತೆಗೆದು, ಹುಲ್ಲಿನ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು, ಎರಡು ಸಾಲು ಹೊಲಿಗೆ ಹಾಕಿದಳು. ಡೇರೆಯಲ್ಲಿ ಗಟ್ಟಿಯಾಗಿ ಉಳಿದದ್ದು ಆ ಭಾಗವೊಂದೇ.

ಆಚೆ ಮೂಲೆಯಲ್ಲಿ ಯಾವುದೋ ದೇಶದ ಗಂಡ ಹೆಂಡತಿ ಡೇರೆ ಹಾಕಿದ್ದರು. ನಮ್ಮನ್ನು ಕಂಡು ಕೈ ಎತ್ತಿದರು, ತಮ್ಮ ಪಾಡಿಗೆ ಪುಸ್ತಕ ಓದುತ್ತಾ ಕೂತರು. ನಮ್ಮಲ್ಲಾದರೆ ಬಸ್ಸಿನ ಪಕ್ಕದ ಸೀಟಿನವರು ದೇವನಹಳ್ಳಿ ತಲುಪುವುದರೊಳಗೆ ನಿಮ್ಮ ಊರು, ಕುಲ, ಮಕ್ಕಳ ಮದುವೆ ಎಲ್ಲ ತಿಳಿದುಕೊಂಡಿರುತ್ತಾರೆ. ಇವರು ಮರುದಿನ ಬೆಳಿಗ್ಗೆ ಡೇರೆ ಮಡಚಿ, ಮತ್ತೆ ಕೈ ಎತ್ತಿ, ಹೊರಟೇಹೋದರು. ಅವರ ಹೆಸರೂ ನಮಗೆ ಗೊತ್ತಾಗಲಿಲ್ಲ.

ಚಳಿಗೆ ಶಾಹೀನಾಳ ಇನ್ಸುಲಿನ್‌ದೇ ದೊಡ್ಡ ಚಿಂತೆ. ಊರಲ್ಲಿ ಕರೆಂಟು ಹೋದರೆ ಬಿಸಿಗೆ ಕೆಡುತ್ತದೆಂದು ಅದನ್ನು ಮಡಕೆಯ ತಂಪಿನಲ್ಲಿ ಇಡುತ್ತಿದ್ದಳು. ಇಲ್ಲಿ ಹೆಪ್ಪುಗಟ್ಟಿ ಕೆಡುತ್ತದೆಂದು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡು ಮಲಗಿದಳು.

ಗುಲ್ನಾರಾಳ ಮನೆ

ಆ ಜಾಗ ನೋಡಿಕೊಳ್ಳುತ್ತಿದ್ದವಳು ಎಪ್ಪತ್ತರ ಹತ್ತಿರದ ಹೆಂಗಸು, ಗುಲ್ನಾರಾ. ಹುಲ್ಲಿನ ಅಂಚಿನಲ್ಲಿ ಉಣ್ಣೆಯ ದಪ್ಪ ಕಂಬಳಿ ಹೊದಿಸಿದ ಗುಂಡು ಮನೆ ಅವಳದು. ಬೇಸಿಗೆ ಮೂರು ತಿಂಗಳು ಕುದುರೆಗಳ ಜೊತೆ ಇಲ್ಲಿ, ಉಳಿದ ಕಾಲ ಕೆಳಗಿನ ಊರಲ್ಲಿ ಎಂದು ಅನುಷಾ ಹೇಳಿದ್ದಳು.

ಅವಳಿಗೆ ಕನ್ನಡ ಬರುವುದಿಲ್ಲ, ನಮಗೆ ಅವಳ ಭಾಷೆ ಬರುವುದಿಲ್ಲ. ಆದರೂ ಅವಳು ರೊಟ್ಟಿಯನ್ನು ತೋರಿಸಿ ನಾನ್ ಅಂದಾಗ ಶಾಹೀನಾ ನೆಟ್ಟಗೆ ಕೂತಳು. ಆಕಾಶಕ್ಕೆ ಆಸ್ಮಾನ್, ಸ್ನೇಹಿತರಿಗೆ ದೋಸ್, ಪುಸ್ತಕಕ್ಕೆ ಕಿತೆಪ್. ಮನೆಯಲ್ಲಿ ದಖನಿ ಮಾತಾಡುವ ಶಾಹೀನಾಳಿಗೆ ಕಳೆದುಹೋದ ಗುಂಡಿಗಳು ಒಂದೊಂದೇ ಸಿಕ್ಕಿದ ಹಾಗಾಯಿತು. ಅವಳ ಮನೆಮಾತಿನಲ್ಲಿ ಅಕ್ಕನಿಗೆ ಆಪಾ. ಇಲ್ಲಿ ತಾಯಿಗೆ ಅಪಾ. ಶಾಹೀನಾ ಅಕ್ಕ ಎಂದು ಕರೆದಳು, ಮುದುಕಿ ತಾಯಿ ಎಂದು ಕೇಳಿಸಿಕೊಂಡಳು. ಇಬ್ಬರಿಗೂ ಸಂತೋಷವಾಯಿತು.

ಈ ಅಪಾ ನಮ್ಮ ಊರಿನವರ ಹಾಗೆಯೇ. ಚಹಾ ಬಗ್ಗಿಸುವ ಮೊದಲೇ ಮಕ್ಕಳೆಷ್ಟು ಎಂದು ಕೈಸನ್ನೆಯಲ್ಲಿ ಕೇಳಿದಳು. ಶಾಹೀನಾ ಮೂರು ಬೆರಳು ತೋರಿಸಿದಳು. ನಾನು ಮದುವೆಯಾದವಳಲ್ಲ. ಬರಿಗೈ ತೋರಿಸಲು ಮನಸ್ಸಾಗದೆ ಹತ್ತೂ ಬೆರಳನ್ನು ನಾಲ್ಕು ಸಲ ಎತ್ತಿದೆ. ಅಪಾ ಕೆಟಲನ್ನು ಕೆಳಗಿಟ್ಟು ನನ್ನ ಹೊಟ್ಟೆಯನ್ನೇ ನೋಡಿದಳು. ಶಾಹೀನಾ ಎದ್ದು ನಿಂತು, ಬೋರ್ಡಿನ ಮೇಲೆ ಬರೆಯುವ, ಕಿವಿ ಹಿಂಡುವ ಅಭಿನಯ ಮಾಡಿ ತೋರಿಸಿದ ಮೇಲೆ ಆ ಮನೆಯಲ್ಲಿ ಬಹಳ ಹೊತ್ತು ನಗು ನಿಲ್ಲಲಿಲ್ಲ.

ಕುದುರೆಯ ಹಾಲನ್ನು ಹುಳಿ ಬರಿಸಿ ಕುಡಿಯುತ್ತಾರೆ. ಹುಳಿ ಅಂಬಲಿಗೆ ಹೊಗೆ ಹಿಡಿದರೆ ಹೇಗಿರುತ್ತದೋ ಹಾಗೆ. ನಾನು ಒಂದು ಬಟ್ಟಲು ಮುಗಿಸಿದೆ, ಶಾಹೀನಾ ತುಟಿಗೆ ತಾಗಿಸಿ ಇಟ್ಟಳು. ಪ್ರತಿಯಾಗಿ ನಾವು ಊರಿನಿಂದ ಒಯ್ದಿದ್ದ ರಾಗಿ ಹುರಿಹಿಟ್ಟಿನ ಡಬ್ಬಿ ತೆರೆದೆವು. ಅಪಾ ಮೂಸಿ ನೋಡಿ, ಒಳಗೆ ಹೋಗಿ, ತನ್ನದೊಂದು ಚೀಲ ತಂದಳು. ಅದರಲ್ಲೂ ಹುರಿದು ಬೀಸಿದ ಹಿಟ್ಟು. ಗೋಧಿಯದೋ ಜವೆಯದೋ ಇರಬೇಕು. ತಲ್ಕಾನ್ ಅಂದಳು. ಹಾಲಿಗೆ, ಸಕ್ಕರೆಗೆ ಕಲಸಿಕೊಂಡು ತಿನ್ನುವುದು ಎಂದು ತೋರಿಸಿದಳು. ಇಷ್ಟು ದೂರ ಬಂದು ಹುರಿಹಿಟ್ಟು ಕಂಡದ್ದು ಹಿಮ ಕಂಡದ್ದಕ್ಕಿಂತ ಹೆಚ್ಚಿನ ಸೋಜಿಗ ಅನ್ನಿಸಿತು ನನಗೆ.

ಆಚೆ ದಡ

ಎರಡನೆಯ ದಿನ ಬೆಳಿಗ್ಗೆ ಹೊಳೆ ದಾಟಿ ಹಿಮನದಿಯ ಕಡೆ ನಡೆಯುವುದೆಂದು ನಾನು ತೀರ್ಮಾನಿಸಿದೆ. ಹೊಳೆ ಎಂದರೆ ಹದಿನೈದು ಹೆಜ್ಜೆ ಅಗಲ, ನೀರು ಹಿಮ್ಮಡಿ ಮುಳುಗುವಷ್ಟು. ನಡುನಡುವೆ ಕಲ್ಲುಗಳಿದ್ದವು. ಮಧ್ಯಾಹ್ನ ಊಟಕ್ಕೆ ವಾಪಸ್ ಬರುತ್ತೇವೆ, ಹೊರೆ ಯಾಕೆ ಎಂದು ತಿಂಡಿಯ ಚೀಲವನ್ನು ಡೇರೆಯಲ್ಲೇ ಬಿಡಿಸಿದವಳೂ ನಾನೇ.

ಅಪಾ ದಡಕ್ಕೆ ಬಂದಳು. ಸೂರ್ಯನನ್ನು ತೋರಿಸಿದಳು, ಕೈಯನ್ನು ಆಕಾಶದ ನೆತ್ತಿಯವರೆಗೆ ಎಳೆದಳು. ಆಮೇಲೆ ಅಂಗೈಯನ್ನು ಪಾದದ ಹತ್ತಿರದಿಂದ ಸೊಂಟದವರೆಗೆ ಎತ್ತಿದಳು. ಸೂ, ಸೂ ಎಂದು ಎರಡು ಮೂರು ಸಲ ಹೇಳಿದಳು.

ಮೇಲೆ ಹೋದ ಹಾಗೆ ಹುಲ್ಲು ಸೊಂಟದೆತ್ತರ ಇದೆ, ಗಾಳಿ ಸೂ ಎಂದು ಬೀಸುತ್ತದೆ ಎನ್ನುತ್ತಿದ್ದಾಳೆ ಎಂದು ನಾನು ಶಾಹೀನಾಳಿಗೆ ವಿವರಿಸಿದೆ. ಅವಳಿಗೆ ಅನುಮಾನ. ನೀರಿನ ವಿಷಯ ಇರಬಹುದೇ ಎಂದು ಕೇಳಿದಳು. ಮೋಡವೇ ಇಲ್ಲದ ದಿನ ಹೊಳೆ ಏರುವುದೆಲ್ಲಿಂದ ಎಂದು ನಾನು ನಕ್ಕೆ. ಅಪಾಳಿಗೆ ರಹಮತ್ ಎಂದು ಧನ್ಯವಾದ ಹೇಳಿ ದಾಟಿಬಿಟ್ಟೆವು.

ಆಚೆ ಹೂವಿನ ಹಾಸು. ಹಳದಿ, ನೀಲಿ, ಹೆಸರು ಗೊತ್ತಿಲ್ಲದ ಊದಾ. ಹಿಮನದಿ ಮುಂದಿನ ತಿರುವಿನಲ್ಲಿ, ಅದರ ಮುಂದಿನ ತಿರುವಿನಲ್ಲಿ ಎಂದು ನಾನು ಎಳೆಯುತ್ತಲೇ ಹೋದೆ. ಅದು ಕಾಣುತ್ತಿತ್ತು, ಹತ್ತಿರವಾಗುತ್ತಿರಲಿಲ್ಲ. ಶಾಹೀನಾ ಜೇಬಿನಲ್ಲಿ ಯಾವಾಗಲೂ ಇಟ್ಟುಕೊಳ್ಳುವ ನಾಲ್ಕು ಪೆಪ್ಪರಮೆಂಟನ್ನೂ ದಾರಿಯಲ್ಲಿ ತಿಂದು ಮುಗಿಸಿದಳು. ಅದನ್ನು ನಾನು ನೋಡಿದೆ. ನೋಡಿಯೂ ಇನ್ನೊಂದು ತಿರುವು ಅಂದೆ.

ಕೊನೆಗೆ ಅರ್ಧಕ್ಕೇ ತಿರುಗಿ, ಹೊಳೆಯ ಹತ್ತಿರ ಬಂದಾಗ ಮೂರು ಗಂಟೆ ದಾಟಿತ್ತು. ಕಲ್ಲುಗಳಿರಲಿಲ್ಲ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಈಗ ಬೂದಿ ಕಲಸಿದ ಹಾಗಿತ್ತು. ದಡದಿಂದ ದಡಕ್ಕೆ ತುಂಬಿ, ಒಳಗೆ ಬಂಡೆಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು. ಬಂಡೆಗೆ ಬಂಡೆ ಬಡಿಯುವ ಸದ್ದು ಅಂಗಾಲಿಗೆ ತಿಳಿಯುತ್ತಿತ್ತು. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ.

ಬಿಸಿಲು. ಬಿಸಿಲೇ ಇದನ್ನು ಮಾಡಿದ್ದು. ಬೆಳಿಗ್ಗೆಯಿಂದ ನಮ್ಮ ಬೆನ್ನಿಗೆ ಹಿತವಾಗಿದ್ದ ಬಿಸಿಲು ಮೇಲೆ ಹಿಮವನ್ನು ಕರಗಿಸುತ್ತಿತ್ತು. ಇದು ಏಳನೆಯ ತರಗತಿಯ ಮಕ್ಕಳಿಗೂ ತಿಳಿಯುವ ಮಾತು. ನಮ್ಮ ಕಡೆ ಹೊಳೆ ಏರುವುದು ಮಳೆ ಬಂದರೆ. ಪಾಠ ಮಾಡಿದ್ದು ಒಂದು, ಮೈಗೆ ಗೊತ್ತಿದ್ದದ್ದು ಇನ್ನೊಂದು.

ಶಾಹೀನಾ ಒಂದು ಬಂಡೆಯ ಮೇಲೆ ಕೂತಳು. ಆ ತಣ್ಣನೆಯ ಗಾಳಿಯಲ್ಲಿ ಅವಳ ಹಣೆ ಬೆವರುತ್ತಿತ್ತು. "ಕೈ ನಡುಗ್ತಾ ಇದೆ ರತ್ನಕ್ಕ," ಅಂದಳು. ಬೆಳಿಗ್ಗೆ ಚುಚ್ಚಿಕೊಂಡ ಇನ್ಸುಲಿನ್‌ಗೆ ತಕ್ಕ ಊಟ ಹೊಟ್ಟೆಗೆ ಬಿದ್ದಿರಲಿಲ್ಲ. ಅವಳ ಸಕ್ಕರೆ ಇಳಿಯುತ್ತಿತ್ತು. ಊರಲ್ಲಿ ಒಮ್ಮೆ ಹೀಗಾದಾಗ ಅಂಗಡಿಯಲ್ಲಿ ಬಟ್ಟೆಯ ರಾಶಿಯ ಮೇಲೆ ಎಚ್ಚರ ತಪ್ಪಿ ಬಿದ್ದಿದ್ದಳು. ಅಲ್ಲಿ ಎದುರಿಗೇ ಬೇಕರಿಯಿತ್ತು.

ನನ್ನ ಜೇಬುಗಳನ್ನೆಲ್ಲ ತಿರುವಿದೆ. ಏನಿಲ್ಲ. ಡೇರೆ ಕಣ್ಣೆದುರಿಗೇ ಕಾಣುತ್ತಿತ್ತು, ಒಳಗೆ ಬೆಲ್ಲ, ಹುರಿಹಿಟ್ಟು. ನಾನೇ ಹೋಗಿ ತರುತ್ತೇನೆಂದು ನೀರಿಗಿಳಿದೆ. ನಾಲ್ಕನೆಯ ಹೆಜ್ಜೆಗೆ ನೀರು ಮೊಣಕಾಲು ದಾಟಿತು, ಐದನೆಯದಕ್ಕೆ ಕಾಲೇ ಇರಲಿಲ್ಲ. ಎರಡು ಮಾರು ಕೊಚ್ಚಿಕೊಂಡು ಹೋಗಿ ಒಂದು ಬಂಡೆಯನ್ನು ತಬ್ಬಿದೆ. ಒಂದು ಬೂಟು ಹೋಯಿತು. ದಡಕ್ಕೆ ಎಳೆದದ್ದು ಆ ನಡುಗುವ ಕೈಗಳೇ.

"ಮೂವತ್ತು ವರ್ಷ ಇದನ್ನೇ ಅಲ್ವಾ ಪಾಠ ಮಾಡಿದ್ದು ನೀನು?" ಅಂದಳು. "ನಾನ್ ಬೆಳಿಗ್ಗೇನೆ ಕೇಳ್ದೆ, ನೀರಿನ ವಿಷಯಾನಾ ಅಂತ. ನೀನ್ ನಕ್ಕ್‌ಬಿಟ್ಟೆ."

ಹದಿನೈದು ವರ್ಷದಲ್ಲಿ ಅವಳು ನನಗೆ ಏಕವಚನ ಹಾಕಿದ್ದು ಅದೇ ಮೊದಲು. ನಾನು ಹೌದು ಅಂದೆ.

ಅವಳ ಕೆಂಪು ದುಪಟ್ಟಾವನ್ನು ಒಂದು ಕೊಂಬೆಗೆ ಕಟ್ಟಿ ಬೀಸುತ್ತಾ ನಿಂತೆ. ಕೂಗಿದರೆ ನನ್ನ ಕೂಗು ನನಗೇ ಕೇಳುತ್ತಿರಲಿಲ್ಲ. ಎದುರು ದಡದಲ್ಲಿ ಯಾರೂ ಇಲ್ಲ. ಅಪಾ ಕುದುರೆಗಳನ್ನು ಹೊಡೆದುಕೊಂಡು ಮೇಲೆಲ್ಲೋ ಹೋಗಿದ್ದಳು. ಶಾಹೀನಾಳನ್ನು ಮಲಗಗೊಡದೆ ಮಾತಾಡಿಸುತ್ತಿದ್ದೆ. ಮಕ್ಕಳ ಹೆಸರು ಕೇಳಿದೆ, ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದೆ. ದೊಡ್ಡವನದು ಹೇಳಿ, ಎರಡನೆಯವಳದಕ್ಕೆ ತಡವರಿಸಿದಳು. ಆಗ ನನಗೆ ಆದ ಹೆದರಿಕೆ ನೀರಿನಲ್ಲಿ ಬಿದ್ದಾಗಲೂ ಆಗಿರಲಿಲ್ಲ.

ಕುದುರೆಯ ಬೆನ್ನು

ಅಪಾ ನಮ್ಮನ್ನು ಕಂಡದ್ದು ಹಾಲು ಕರೆಯಲು ಕುದುರೆಗಳನ್ನು ಇಳಿಸಿಕೊಂಡು ಬರುವಾಗ. ಕೈ ಬೀಸಲಿಲ್ಲ, ಕೂಗಲಿಲ್ಲ. ತಾನು ಕೂತಿದ್ದ ಕಂದು ಕುದುರೆಯನ್ನು ಹೊಳೆಯ ಉದ್ದಕ್ಕೂ ಮೇಲಕ್ಕೆ ನಡೆಸಿ, ಎಲ್ಲಿ ಹೊಳೆ ಅಗಲವಾಗಿ ಹರಡಿತ್ತೋ ಅಲ್ಲಿ ನೀರಿಗಿಳಿಸಿದಳು. ನೀರು ಕುದುರೆಯ ಹೊಟ್ಟೆಗೆ ಬಂತು. ಅದು ಒಂದೊಂದು ಕಾಲನ್ನೂ ಇಟ್ಟು ನೋಡಿ, ಮತ್ತೊಂದನ್ನು ಇಟ್ಟು ನೋಡಿ ಬಂತು.

ಶಾಹೀನಾಳ ಮುಖ ನೋಡಿದ ತಕ್ಷಣ ಅಪಾಳಿಗೆ ಎಷ್ಟು ಅರ್ಥವಾಯಿತೋ ನನಗೆ ತಿಳಿಯದು. ನಾನು ಬಾಯಿಗೆ ಕೈ ಒಯ್ದು, ಚೀನಿ, ಶಕ್ಕರ್, ಸಕ್ಕರೆ ಎಂದು ಗೊತ್ತಿದ್ದ ಎಲ್ಲ ಮಾತಿನಲ್ಲೂ ಹೇಳಿದೆ. ಅವಳು ತೋಳಿಲ್ಲದ ಕೋಟಿನ ಜೇಬಿಗೆ ಕೈ ಹಾಕಿ, ಕಾಗದ ಸುತ್ತಿದ ಮಿಠಾಯಿ ಒಂದು ಹಿಡಿ ತೆಗೆದಳು. ಮೊದಲನೆಯದನ್ನು ತಾನೇ ಬಿಚ್ಚಿ ಶಾಹೀನಾಳ ಬಾಯಿಗಿಟ್ಟಳು. ಎರಡನೆಯದು, ಮೂರನೆಯದು. ಹತ್ತು ನಿಮಿಷ ಮೂವರೂ ಹಾಗೇ ಕೂತಿದ್ದೆವು. ಅಪಾ ಅವಳ ಬೆನ್ನು ಸವರುತ್ತಿದ್ದಳು. ಆಮೇಲೆ ಶಾಹೀನಾ ತಲೆಯೆತ್ತಿ ಮಿಠಾಯಿಯ ಕಾಗದವನ್ನು ಮಡಚತೊಡಗಿದಳು. ಯಾವಾಗಲೂ ಹಾಗೆ, ಬಟ್ಟೆಯಾಗಲಿ ಕಾಗದವಾಗಲಿ ಅಂಚಿಗೆ ಅಂಚು ಸೇರಿಸಿ ಮಡಚುವವಳು. ಅವಳು ವಾಪಸ್ ಬಂದಳೆಂದು ನನಗೆ ಆಗ ಗೊತ್ತಾಯಿತು.

ಮೊದಲು ಅವಳನ್ನು ಹಿಂದೆ ಕೂರಿಸಿಕೊಂಡು ಅಪಾ ದಾಟಿದಳು. ಆಮೇಲೆ ನನಗಾಗಿ ಬಂದಳು. ಹುಟ್ಟಿದಾಗಿನಿಂದ ಕುದುರೆ ಮುಟ್ಟಿದವಳಲ್ಲ ನಾನು. ಒಂದು ಬಂಡೆಯ ಮೇಲಿಂದ ಹೇಗೋ ಹತ್ತಿದೆ. ನಡು ಹೊಳೆಯಲ್ಲಿ ನೀರನ್ನು ನೋಡಿದೆ. ನೀರು ನಿಂತು ಕುದುರೆಯೇ ಪಕ್ಕಕ್ಕೆ ತೇಲಿದ ಹಾಗಾಗಿ ತಲೆ ತಿರುಗಿತು. ಅಪಾ ಹಿಂದಕ್ಕೆ ಕೈ ಚಾಚಿ ನನ್ನ ಗದ್ದ ಹಿಡಿದು ಮೇಲಕ್ಕೆ ತಿರುಗಿಸಿದಳು. ಬೆಟ್ಟ ನೋಡು ಎಂದು. ಬೆಟ್ಟವನ್ನು ನೋಡುತ್ತಾ ದಾಟಿದೆ.

ದಡಕ್ಕಿಳಿದ ಮೇಲೆ ನೀರನ್ನು ತೋರಿಸಿ ಮತ್ತೆ ಹೇಳಿದಳು: ಸೂ. ಅವರ ಭಾಷೆಯಲ್ಲಿ ನೀರಿಗೆ ಸೂ ಅನ್ನುತ್ತಾರೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮಂದ ಬುದ್ಧಿಯ ಮಕ್ಕಳಿಗೆ ನಾನು ಎರಡನೆಯ ಸಲ ಹೇಳಿಕೊಡುವಾಗ ಇರುತ್ತಿದ್ದಷ್ಟು ತಾಳ್ಮೆಯಿತ್ತು. ನಾನು ಮಗ್ಗಿ ಒಪ್ಪಿಸುವವಳಂತೆ ಸೂ ಅಂದೆ.

ಆ ಸಂಜೆ ಅವಳ ಮನೆಯಲ್ಲಿ ಜಾಮ್ ಹಾಕಿದ ಚಹಾ, ರೊಟ್ಟಿ, ಎರಡೂ ದೇಶದ ಹುರಿಹಿಟ್ಟು. ಬೆರಳು ಚುಚ್ಚಿ ನೋಡಿದಾಗ ಶಾಹೀನಾಳ ಸಕ್ಕರೆ ಸಮವಾಗಿತ್ತು. ಡೇರೆಗೆ ಬಂದ ಮೇಲೆ ನಾನು ತಪ್ಪಾಯಿತು ಅಂದೆ. ಅವಳು ಕಂಬಳಿ ಎಳೆದುಕೊಂಡು, ತಪ್ಪು ಇಬ್ಬರದೂ, ನನಗೆ ಅನುಮಾನ ಬಂದಾಗ ನಿಂತುಬಿಡಬೇಕಿತ್ತು, ನೀನು ಟೀಚರ್ ಅಂತ ಸುಮ್ಮನಾದೆ ಎಂದಳು. ಸಿಟ್ಟು ಇಳಿದಿತ್ತು, ಏಕವಚನ ಮಾತ್ರ ಹಾಗೇ ಉಳಿಯಿತು. ನಾನೂ ಅದನ್ನು ತಿದ್ದಲಿಲ್ಲ.

ಹಿಮದ ಬುಡ

ಮೂರನೆಯ ದಿನವೆಲ್ಲ ಮಲಗಿ ಎದ್ದು, ಮಲಗಿ ಎದ್ದು ಕಳೆದೆವು. ನಡುವೆ ಹೊಳೆಯನ್ನು ನೋಡುತ್ತಾ ಕೂತೆವು. ಹತ್ತು ಗಂಟೆಯವರೆಗೆ ತಿಳಿ, ಆಮೇಲೆ ಮೆಲ್ಲಗೆ ಮಬ್ಬು, ಹನ್ನೆರಡಕ್ಕೆ ಮೊದಲ ಕಲ್ಲು ಮುಳುಗಿತು, ಐದಕ್ಕೆ ಗರಿಷ್ಠ. ನಾನು ಒಂದು ಕಡ್ಡಿ ನೆಟ್ಟು ಗುರುತು ಹಾಕಿದೆ. ಇನ್ನು ಕೆಳಗಿಳಿಯುವುದೊಂದೇ ಬಾಕಿ, ಹಿಮನದಿಯ ಮಾತೆತ್ತುವುದು ಬೇಡ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ.

ಮಾತೆತ್ತಿದವಳು ಶಾಹೀನಾ. "ಡೇರೇಲಿ ಕೂತ್ಕೊಂಡ್ ವಾಪಸ್ ಹೋಗೋಕೆ ಇಷ್ಟ್ ದೂರ ಬರಬೇಕಿತ್ತಾ? ನಾಳೆ ಬೆಳಕು ಹರಿಯೋ ಹೊತ್ತಿಗೇ ಹೊರಡೋಣ. ಟೈಮ್ ನಾನ್ ನೋಡ್ಕೋತೀನಿ, ನೀನ್ ಬರೀ ಗುಡ್ಡ ನೋಡು."

ನಿನ್ನ ಕಾಯಿಲೆಯ ಕಥೆ ಏನು ಎಂದೆ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು ಎಂದಳು. ಚೀಲದಲ್ಲಿ ಬೆಲ್ಲ, ಹುರಿಹಿಟ್ಟು, ರೊಟ್ಟಿ ತುಂಬಿದಳು. ಚುಚ್ಚಿಕೊಳ್ಳುವ ಪ್ರಮಾಣವನ್ನು ಡಾಕ್ಟರು ಬರೆದುಕೊಟ್ಟಿದ್ದ ಚೀಟಿ ನೋಡಿ ಹೊಂದಿಸಿಕೊಂಡಳು. ಅಪಾ ನನ್ನ ಒಂಟಿ ಬೂಟು ನೋಡಿ ತನ್ನ ರಬ್ಬರ್ ಬೂಟುಗಳನ್ನು ಕೊಟ್ಟಳು. ಸೂರ್ಯ ಇಂಥ ಶಿಖರದ ಇಂಥ ಕಚ್ಚಿಗೆ ಬರುವುದರೊಳಗೆ ಹೊಳೆಯ ಈಚೆ ಇರಬೇಕು ಎಂದು ಬೆರಳಲ್ಲಿ ತೋರಿಸಿದಳು. ಅರ್ಥವಾಯಿತೇ ಎಂದು ನನ್ನನ್ನಲ್ಲ, ಶಾಹೀನಾಳನ್ನು ನೋಡಿದಳು.

ಮರುದಿನ ಬೆಳಗಿನ ಐದು ಗಂಟೆಗೆ ಕಲ್ಲಿನಿಂದ ಕಲ್ಲಿಗೆ ದಾಟಿದೆವು. ಹೂಗಳೆಲ್ಲ ಇನ್ನೂ ಮುಚ್ಚಿದ್ದವು. ಅರ್ಧ ಗಂಟೆಗೊಮ್ಮೆ ಶಾಹೀನಾ ನಿಲ್ಲಿಸುತ್ತಿದ್ದಳು, ಒಂದು ತುಣುಕು ಬೆಲ್ಲ ತಿನ್ನುತ್ತಿದ್ದಳು, ಹೊರಡು ಎನ್ನುತ್ತಿದ್ದಳು. ಎಂಟೂವರೆಗೆ ತಲುಪಿದೆವು.

ಹಿಮನದಿ ಬೆಳ್ಳಗಿರಲಿಲ್ಲ. ಪುಸ್ತಕದಲ್ಲಿ ನೋಡಿದ್ದ ನೀಲಿಯೂ ಅಲ್ಲ. ರಸ್ತೆ ಬದಿಯ ಜಲ್ಲಿ ರಾಶಿಯಂತೆ ಕಪ್ಪು, ಕೊಳಕು, ಮೈತುಂಬ ಕಲ್ಲು ಮಣ್ಣು. ಇದಾ ಎಂದು ಶಾಹೀನಾ ಕೇಳಿದಳು. ಇದೇ ಇರಬೇಕು ಎಂದೆ, ಈ ಸಲ ಗಟ್ಟಿಯಾಗಿ ಅಲ್ಲ. ಹತ್ತಿರ ಹೋಗಿ ಒಂದು ಚಪ್ಪಡಿಯನ್ನು ಸರಿಸಿ ಅಂಗೈ ಊರಿದೆ. ಕೆಳಗೆ ಗಟ್ಟಿ ಮಂಜು, ಹಳೆಯ ಗಾಜಿನ ಹಾಗೆ. ಅದರೊಳಗೆ ಸಣ್ಣ ಸಣ್ಣ ಗುಳ್ಳೆಗಳು ಸಿಕ್ಕಿಕೊಂಡಿದ್ದವು. ಕೈ ಮರಗಟ್ಟುವವರೆಗೂ ತೆಗೆಯಲಿಲ್ಲ. ಎಲ್ಲೋ ಒಳಗಿನಿಂದ, ಮನೆಯ ತೊಲೆ ಬಿಸಿಲಿಗೆ ಲಟಕ್ಕೆನ್ನುವಂತೆ ಒಂದು ಸದ್ದು ಬಂತು. ಆಮೇಲೆ ಮೌನ. ಅಷ್ಟು ದೊಡ್ಡದೊಂದು ವಸ್ತು ಅಷ್ಟು ಸುಮ್ಮನಿರುವುದನ್ನು ನಾನು ಕಂಡಿರಲಿಲ್ಲ.

ಅದರ ತುದಿಯ ಹತ್ತಿರ ಕೂತು ರೊಟ್ಟಿ ತಿಂದೆವು. ಬಿಸಿಲು ಎದುರಿನ ಬೆಟ್ಟದಿಂದ ಇಳಿಯುತ್ತಾ, ಕಣಿವೆ ದಾಟಿ, ನಮ್ಮ ಕಾಲ ಹತ್ತಿರ ಬಂತು; ಆಮೇಲೆ ಹಿಮದ ಅಂಚನ್ನು ಮುಟ್ಟಿತು. ಇಬ್ಬರೂ ನೋಡುತ್ತಿದ್ದೆವು. ಮೊದಲು ಆ ಅಂಚು ಒದ್ದೆಯಾಗಿ ಹೊಳೆಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಕಲ್ಲಿನ ಕೆಳಗಿಂದ ಒಂದು ಹನಿ ತೂಗಿ, ಉದ್ದವಾಗಿ, ಬಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತಿದ್ದಂತೆ ಬೆರಳು ಗಾತ್ರದ ಒಂದು ಎಳೆ ಜಲ್ಲಿಯ ನಡುವೆ ದಾರಿ ಹುಡುಕಿಕೊಂಡು ನಮ್ಮ ಚೀಲದ ಪಕ್ಕದಲ್ಲೇ ಹಾದು ಕೆಳಗಿನ ಕಡೆ ಹರಿಯಿತು.

ಶಾಹೀನಾ ಗಡಿಯಾರ ನೋಡಿಕೊಂಡು ಎದ್ದಳು. "ಹೊರಡ್ತು ನೋಡು," ಅಂದಳು. "ನಾವೂ ಹೊರಡೋಣ."

ಚೀಲ ಎತ್ತಿಕೊಂಡು, ನೀರಿಗಿಂತ ಮೊದಲು ಹೊಳೆ ಸೇರಲು, ಇಬ್ಬರೂ ಇಳಿಯತೊಡಗಿದೆವು.